ಆಟದ ಅಕ್ಕೋರಿಗೆ ಬಂದ ಚೀಟಿ

ಕೃಷ್ಣವ್ವ ಅಕ್ಕೋರ ಸೀಟಿಗೆ ಬೆಚ್ಚದ ಪ್ರಾಣಿ ಯರಗಟ್ಟಿಯಲ್ಲಿ ಇನ್ನೂ ಹುಟ್ಟಿಲ್ಲ. ನಮ್ಮೂರ ಶಾಲೆಯ ಈ ಆಟದ ಟೀಚರು ಮೈದಾನದಲ್ಲಿ ಒಮ್ಮೆ ಊದಿದರೆ ರಸ್ತೆಯ ಮೇಲಿನ ಬೆಳಗಾವಿ ಬಸ್ಸು ಕಂಡಕ್ಟರನನ್ನು ಬಿಟ್ಟೇ ಹೊರಡುತ್ತದೆ, ಎಮ್ಮೆಗಳು ಸಾಲಾಗಿ ನಿಲ್ಲುತ್ತವೆ. ಇದಕ್ಕೆಲ್ಲ ಸಾಕ್ಷಿಗಳಿದ್ದಾರೆ, ಕಂಡಕ್ಟರನೊಬ್ಬ ಮಾತ್ರ ಒಪ್ಪುವುದಿಲ್ಲ.

ರಾಮದುರ್ಗದ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಖೊಖೊ ಆಡಿಯೇ ನೌಕರಿ ಗೆದ್ದ ಈ ವೀರವನಿತೆ ಗಣಿತದ ಸದಾಶಿವ ಸರ್ ಎದುರು ಮಾತ್ರ ಸೋತಿದ್ದರು. "ಅಕ್ಕೋರ, ಆಟದ ಪಿರಿಯಡ್ ಇವತ್ತೊಂದಿನ ನನಗ ಕೊಡ್ರಿ, ಪೋರ್ಶನ್ ಉಳದೈತಿ." ಆ ‘ಇವತ್ತೊಂದಿನ’ ಎರಡು ವರ್ಷ ನಡೆಯಿತು.

ಎಂಟನೆಯ ತರಗತಿಯ ಭಾಗ್ಯಾಳ ಮನೆ ಎರಡೇ ಓಣಿ ಆಚೆ. ಆದರೂ ಅಪ್ಪ ದುಂಡಪ್ಪ, ತನ್ನ ಕಿರಾಣಿ ಅಂಗಡಿಯ ಚಿಪ್ಸ್ ಕೈಗೆ ಕೊಟ್ಟು, ಬೈಕಿನಲ್ಲಿ ತಂದಿಳಿಸುತ್ತಿದ್ದ. ಹಿಂದಿನ ವರ್ಷ ಗುಡ್ಡದ ಮೇಲಿನ ಕೋಟೆಯ ಪ್ರವಾಸದಲ್ಲಿ ಹತ್ತು ಹೆಜ್ಜೆಗೇ ಏದುಸಿರು ಬಂದು ಅವಳು ಬಸ್ಸಿನಲ್ಲಿ ಒಬ್ಬಳೇ ಕುಳಿತಿದ್ದಳು. ಈ ಸಲವಾದರೂ ಗೆಳತಿಯರ ಜೊತೆ ಮೇಲೆ ಹತ್ತಬೇಕು ಎಂಬುದೇ ಅವಳ ಹಂಬಲ.

ಅಷ್ಟರಲ್ಲಿ, ಆಟದ ಪಿರಿಯಡ್ಡು ಹೆಸರಿಗಷ್ಟೇ ಉಳಿದದ್ದು ಗೊತ್ತಿಲ್ಲದ ದುಂಡಪ್ಪನ ಚೀಟಿ ಬಂತು: "ಮಗಳನ್ನು ಆಟದ ಪಿರಿಯಡ್ಡಿನಲ್ಲಿ ದಿನಾಲೂ ಓದಿಸಬೇಕು." ಅವನ ಅಂಗಡಿ ಅಕ್ಷರದಲ್ಲಿ ‘ದ’ಕ್ಕೂ ‘ಡ’ಕ್ಕೂ ಭೇದವೇ ಇಲ್ಲ. ಅಕ್ಕೋರು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದರು: "ದಿನಾಲೂ ಓಡಿಸಬೇಕು!"

"ಪಾಲಕರ ಬರದ ಕೊಟ್ಟಾರ ಸರ್. ಇನ್ನ ನನ್ನ ಕೈಯಾಗ ಏನೈತಿ?"

ಸದಾಶಿವ ಸರ್ ಶರಣಾದರು. ನಲವತ್ತು ಮಕ್ಕಳು ಬಯಲಿಗೆ ನುಗ್ಗಿದರು. ಆ ಚೀಟಿಗೆ ಅವರೆಲ್ಲ ಇಂದಿಗೂ ಋಣಿ.

ಮೊದಲ ದಿನ ಭಾಗ್ಯಾ ಬೋರ್‌ವೆಲ್ ತನಕ ಓಡಿ ಕುಸಿದಳು. "ಉಸರ ಹತ್ತಿದ್ರ ನಿಂದರವಾ, ನಾಚಿಕಿ ಯಾಕ? ನಾಳಿ ಬೇವಿನ ಗಿಡದ ತನಕ ಹೋಗೂಣು," ಎಂದು ಅಕ್ಕೋರು ತಾವೂ ಪಕ್ಕದಲ್ಲಿ ನಡೆದರು. ತಿಂಗಳೊಪ್ಪತ್ತಿನಲ್ಲಿ ಅವಳು ಬೈಕು ಬಿಟ್ಟು ನಡೆದೇ ಶಾಲೆಗೆ ಬರತೊಡಗಿದಳು.

ಪ್ರವಾಸದ ದಿನ ದುಂಡಪ್ಪ ನೀರು, ಗ್ಲೂಕೋಸ್ ಹೊತ್ತು ಮಗಳ ಬೆನ್ನಿಗೇ ಬಂದ. ಕೋಟೆಯ ಅರ್ಧ ದಾರಿಯಲ್ಲಿ ಕುಸಿದು ಕುಳಿತವನು ಅವನೇ. ತುದಿ ಮುಟ್ಟಿ ಗೆಳತಿಯರೊಂದಿಗೆ ಕೇಕೆ ಹಾಕಿದ ಭಾಗ್ಯಾ ಕೆಳಗಿಳಿದು ಬಂದು ಅಪ್ಪನ ಕೈ ಹಿಡಿದಳು.

"ಏಳಪ್ಪಾ! ದಿನಾ ಓಡಿಸ್ರಿ ಅಂತ ನೀನ ಬರದಿದ್ದೆಲ್ಲಾ?"

ಚೀಟಿಯ ಕಥೆ ದುಂಡಪ್ಪನಿಗೆ ಆಗ ತಿಳಿಯಿತು. ಸಿಟ್ಟು ಬರಬೇಕಿತ್ತು, ಮಗಳ ಮುಖ ನೋಡಿ ಕಣ್ಣು ತುಂಬಿದವು. ಹಿಂದೆಯೇ ಇಳಿದು ಬಂದ ಅಕ್ಕೋರಿಗೆ ಕೈಮುಗಿದ.

"ನಾ ಬರದದ್ದು ಓದಿಸ್ರಿ ಅಂತರಿ. ನೀವು ಬೇಕಂತನ ಓಡಿಸ್ರಿ ಅಂತ ಓದಿದ್ರಿ, ಹೌದಲ್ರಿ? ಎಂಥಾ ದೂರದೃಷ್ಟಿರಿ ನಿಮ್ಮದು!"

"ದೂರದ್ದು ಕಾಣತೈತ್ರಿ ದುಂಡಪ್ಪಾರ, ಹತ್ತರದ್ದ ಕಾಣೂದಿಲ್ಲ. ಅವತ್ತ ಓದೂ ಚಾಳೀಸ ಮನ್ಯಾಗ ಬಿಟ್ಟ ಬಂದಿದ್ನಿ."