ಬಹುಮಾನದ ಚಿತ್ರ ಕತ್ತರಿಸುವಾಕೆ

ಬೀದಿ ದೀಪಗಳು ಇನ್ನೂ ಆರಿಲ್ಲ. ಮ್ಯೂಸಿಯಂನ ಹಿಂಬಾಗಿಲಲ್ಲಿ ಕಾವಲುಗಾರ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾನೆ. ಅವನಿಗೆ ಎಚ್ಚರವಾಗದ ಹಾಗೆ ಬಾಗಿಲನ್ನು ಚೂರು ಎತ್ತಿ ಹಿಡಿದು ತಳ್ಳಿ, ಕತ್ತರಿ ಅಕ್ಕ ಒಳಗೆ ಬರುತ್ತಾರೆ, ಅವರ ಕೆಲಸದ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನಾನು ಅವರ ಹಿಂದೆ. ನೆಲಮಾಳಿಗೆಯ ಉದ್ದನೆಯ ಮೇಜಿನ ಮೇಲೆ ರಬ್ಬರ್ ಹಾಸು ಹರಡಿ, ಉಕ್ಕಿನ ಪಟ್ಟಿ ಒರೆಸಿ, ಚಾಕುವಿಗೆ ಹೊಸ ಬ್ಲೇಡು ಸಿಕ್ಕಿಸುತ್ತಾರೆ. ಹೆಸರಿಗಷ್ಟೇ ಕತ್ತರಿ ಅಕ್ಕ, ಕತ್ತರಿ ಮುಟ್ಟಿ ಎಷ್ಟೋ ವರ್ಷಗಳಾದವು. "ಕತ್ತರಿ ಹಿಡ್ಕೊಂಡು ಕೂತ್ರೆ ಮುಂದಿನ ವರ್ಷದ ಬಹುಮಾನನೂ ಬಂದುಬಿಡುತ್ತೆ, ನಾನಿನ್ನೂ ಈ ವರ್ಷದ್ದೇ ಕತ್ತರಿಸ್ತಾ ಇರ್ತೀನಿ," ಎಂದು ತಮಾಷೆ ಮಾಡುತ್ತಾರೆ. ಇವತ್ತು ಆ ನಗು ತುಟಿ ದಾಟುವುದಿಲ್ಲ.

ಈ ಮ್ಯೂಸಿಯಂ ಪ್ರತಿ ವರ್ಷ ಇಂದಿನ ಕಾಲದ ಛಾಯಾಚಿತ್ರಗಳಿಗೆ ದೊಡ್ಡದೊಂದು ಪ್ರಶಸ್ತಿ ಕೊಡುತ್ತದೆ. ಉದ್ಘಾಟನೆಯ ದಿನ ಭಾಷಣ, ಚಪ್ಪಾಳೆ, ಹೂಗುಚ್ಛ. ಆಯ್ಕೆಯಾದ ಅರವತ್ತು ಚಿಲ್ಲರೆ ಚಿತ್ರಗಳು ಮೂರು ತಿಂಗಳು ಗೋಡೆಯ ಮೇಲಿರುತ್ತವೆ. ಆಮೇಲೆ ಅವು ಏನಾಗುತ್ತವೆ ಎಂದು ಯಾರೂ ಕೇಳುವುದಿಲ್ಲ. ಛಾಯಾಗ್ರಾಹಕರು ಕಳಿಸುವುದು ಕಂಪ್ಯೂಟರಿನ ಫೈಲು ಮಾತ್ರ. ಗೋಡೆಗೆ ಬೇಕಾದ ಪ್ರತಿಯನ್ನು ಮ್ಯೂಸಿಯಂನವರೇ ಮುದ್ರಿಸಿಕೊಳ್ಳುತ್ತಾರೆ. ಪ್ರದರ್ಶನ ಮುಗಿದ ಮೇಲೆ ಆ ಪ್ರತಿ ಉಳಿಯಕೂಡದು. ಉಳಿದರೆ ಕಳ್ಳ ಮಾರಾಟಕ್ಕೆ ದಾರಿ, ಅಸಲಿ ಪ್ರತಿಯ ಬೆಲೆಗೆ ಕುತ್ತು. ಆದ್ದರಿಂದ ಒಂದು ಮುಖವೂ ಇಡಿಯಾಗಿ ಉಳಿಯದ ಹಾಗೆ ಎಲ್ಲವನ್ನೂ ಕತ್ತರಿಸಬೇಕೆಂದು ಕರಾರು. ಆ ಕೆಲಸ ಅಕ್ಕನದು.

ವರ್ಷದ ಉಳಿದ ದಿನಗಳಲ್ಲಿ ಚೌಕಟ್ಟು ಬಿಚ್ಚುವುದು, ಗಾಜು ಒರೆಸುವುದು, ಪೆಟ್ಟಿಗೆ ಕಟ್ಟುವುದು. ಮೊದಲು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿದ್ದರು. ಅಂಗಡಿ ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ಚಾಕು ಒತ್ತಿ ಒತ್ತಿ ಬಲಗೈ ಹೆಬ್ಬೆರಳು ಒಂದು ಕಡೆಗೆ ವಾಲಿಬಿಟ್ಟಿದೆ. "ಮೊದಮೊದಲು ಕೈ ಏಳ್ತಿರಲಿಲ್ಲ ಮೇಡಂ. ಯಾರ ಮನೆ ಮಗುನೋ ಏನೋ ಅನ್ನಿಸೋದು. ಆಮೇಲೆ ರೂಢಿ ಆಯ್ತು. ಕಾಗದ ಅಂತ ನೋಡಿದ್ರೆ ಕಾಗದ."

ಈ ವರ್ಷ ಮೊದಲ ಬಹುಮಾನ ಬಂದದ್ದು ಗೋಡೆಯಷ್ಟು ಅಗಲದ ಚಿತ್ರಕ್ಕೆ. ಪ್ರದರ್ಶನ ಮುಗಿದಿದೆ, ಇವತ್ತು ಮೇಜಿನ ಮೇಲೆ ಹರಡಿರುವುದು ಅದೇ. ಬಟ್ಟೆ ಕಾರ್ಖಾನೆಯ ಬಸ್ಸು, ಪಾಳಿ ಮುಗಿಸಿ ಮನೆಗೆ ಹೊರಟ ಹೆಣ್ಣುಮಕ್ಕಳು, ಎಲ್ಲರೂ ನಿದ್ದೆಯಲ್ಲಿ. ಕಿಟಕಿಯ ಪಕ್ಕ, ಗಾಜಿಗೆ ತಲೆ ಆನಿಸಿ, ಬಾಯಿ ಚೂರು ತೆರೆದು ಮಲಗಿರುವವಳು ಅಕ್ಕನ ಒಬ್ಬಳೇ ಮಗಳು. ಈ ಚಿತ್ರ ತೆಗೆದ ಎರಡು ತಿಂಗಳಿಗೆ ಮಿದುಳು ಜ್ವರ ಬಂದು ಹೋಗಿಬಿಟ್ಟಳು. ಅವಳ ಊಟದ ಡಬ್ಬಿ ಇನ್ನೂ ಕಾರ್ಖಾನೆಯಲ್ಲೇ ಇದೆ, ಹೋಗಿ ತರುವ ಧೈರ್ಯ ಮನೆಯಲ್ಲಿ ಯಾರಿಗೂ ಬಂದಿಲ್ಲ. ಇಂಥದೊಂದು ಚಿತ್ರ ಇದೆ ಎಂದೇ ಅಕ್ಕನಿಗೆ ಗೊತ್ತಿರಲಿಲ್ಲ, ಮುದ್ರಣವಾಗಿ ಬಂದ ಸುರುಳಿಯನ್ನು ಇದೇ ಮೇಜಿನ ಮೇಲೆ ಬಿಚ್ಚುವವರೆಗೆ.

"ಮೊದಲು ಬಸ್ಸಿನ ಸೀಟು ಕಾಣ್ತು. ಆಮೇಲೆ ಹಸಿರು ಸ್ವೆಟರು, ಮೊಣಕೈ ಹತ್ರ ನಾನೇ ಹಾಕಿದ್ದ ಹೊಲಿಗೆ. ಇನ್ನೊಂದು ಗೇಣು ಬಿಚ್ಚಿದೆ, ಇದ್ದಾಳೆ. ಜೋರಾಗಿ ಕೂಗಿಕೊಂಡ್ನಂತೆ. ನನಗೆ ನೆನಪಿಲ್ಲ."

ಮಗಳಿಗೆ ಫೋಟೋ ಎಂದರೆ ಆಗುತ್ತಿರಲಿಲ್ಲ. ಯಾರಾದರೂ ಕ್ಯಾಮೆರಾ ಎತ್ತಿದರೆ ಸಾಕು, ಇನ್ಯಾರದೋ ಬೆನ್ನ ಹಿಂದೆ ಮಾಯ. ಮನೆಯಲ್ಲಿರುವುದು ಗುರುತಿನ ಚೀಟಿಯ ಫೋಟೋ ಒಂದೇ, ಅದರಲ್ಲಿ ಪೊಲೀಸರ ಮುಂದೆ ನಿಂತವಳ ಹಾಗಿದ್ದಾಳೆ. ಪ್ರದರ್ಶನದ ಪುಸ್ತಕದಲ್ಲಿ ಬಸ್ಸಿನ ಚಿತ್ರ ಎರಡು ಪುಟಕ್ಕೆ ಹರಡಿದೆ. ಮಗಳ ಸೀಟು ಸರಿಯಾಗಿ ನಡುವಿನ ಹೊಲಿಗೆಯ ಸಂದಿಗೇ ಬಿದ್ದು, ಅರ್ಧ ಮುಖವನ್ನು ಪುಸ್ತಕ ನುಂಗಿದೆ. ಮೊಬೈಲಿನಲ್ಲಿ ತೆಗೆದುಕೊಂಡರಾಗದೇ ಎಂದು ನಾನು ಪೆದ್ದುಪೆದ್ದಾಗಿ ಕೇಳುತ್ತೇನೆ.

"ತೆಗೆದಿದ್ದೀನಿ. ಉಗುರಷ್ಟು ಬರ್ತಾಳೆ. ಇದರಲ್ಲಿ ಅವಳು ಅವಳ ಅಳತೆಗೇ ಇದ್ದಾಳಲ್ಲ ಮೇಡಂ. ಕೆನ್ನೆ ಮೇಲೆ ಕೈಯಿಟ್ರೆ ಸರಿಯಾಗಿ ಕೂರುತ್ತೆ."

ಮೂರು ತಿಂಗಳು ದಿನಾ ಬೆಳಿಗ್ಗೆ, ಜನ ಬರುವ ಮೊದಲು, ಗಾಜು ಒರೆಸುವ ನೆಪದಲ್ಲಿ ಅಕ್ಕ ಅಲ್ಲೇ ನಿಲ್ಲುತ್ತಿದ್ದರು. 'ಇಲ್ಲಿ ದಣಿವು ಮುಖಗಳನ್ನು ಅಳಿಸಿಹಾಕಿದೆ' ಎಂದು ತೀರ್ಪುಗಾರರು ಪಕ್ಕದ ಫಲಕದಲ್ಲಿ ಬರೆದಿದ್ದರು. "ದಣಿವಿತ್ತು, ಇಲ್ಲ ಅನ್ನಲ್ಲ. ಆದ್ರೆ ಇವಳು ಮಡಿಲಲ್ಲಿದ್ದಾಗಿಂದ ಹಾಗೇ, ಬಸ್ಸು ಹತ್ತಿದ್ರೆ ನಿದ್ದೆ. ಇಳಿಯೋ ಸ್ಟಾಪು ದಾಟಿ ಹೋಗಿ ನನ್ನ ಕೈಲಿ ಎಷ್ಟು ಬೈಸ್ಕೊಂಡಿದ್ದಾಳೋ."

ಅಕ್ಕನ ಗಂಡ ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಾರೆ. ಮಗಳನ್ನು ನೋಡಲೆಂದು ಒಮ್ಮೆ ಬಂದರು. ಬಾಗಿಲಲ್ಲೇ ನಿಂತರು, ಬಗ್ಗಿ ಬೂಟಿನ ಲೇಸು ಕಟ್ಟಿಕೊಂಡರು, ಹಾಗೇ ವಾಪಸು ಹೋದರು. "ನೋಡಿದ್ರೆ ಇನ್ನೊಂದ್ಸಲ ಕಳ್ಕೋಬೇಕಾಗುತ್ತೆ, ಬೇಡ," ಅಂದರಂತೆ.

ಅಕ್ಕ ಸುಮ್ಮನೆ ಕೂತವರಲ್ಲ. ಈ ಪ್ರತಿಯನ್ನು ತಮಗೆ ಕೊಡಿ ಎಂದು ಮ್ಯೂಸಿಯಂನ ಅಧಿಕಾರಿಯನ್ನು ಕೇಳಿದರು. ಅವರು ಛಾಯಾಗ್ರಾಹಕರಿಗೆ ಫೋನು ಮಾಡಿದರು. ಛಾಯಾಗ್ರಾಹಕರು ಫೋನಿನಲ್ಲೇ ಅತ್ತರಂತೆ. ಆದರೆ ಬಹುಮಾನ ಬಂದ ವಾರದಲ್ಲೇ ಯಾರೋ ಶ್ರೀಮಂತ ಸಂಗ್ರಾಹಕರು ಆ ಚಿತ್ರದ ಹಕ್ಕು ಕೊಂಡಿದ್ದರು, ಜಗತ್ತಿನಲ್ಲಿ ಒಂದೇ ಪ್ರತಿ ಇರಬೇಕು ಎಂಬ ಷರತ್ತಿನ ಮೇಲೆ. ಅವರ ಕಡೆಯಿಂದ ಉತ್ತರ ಬಂತು: ವಿಷಾದವಿದೆ, ಸಾಧ್ಯವಿಲ್ಲ. ಮುಖವಿರುವ ಒಂದು ತುಂಡನ್ನಾದರೂ? ಅದೂ ಸಾಧ್ಯವಿಲ್ಲ. ನನಗೆ ಮೈ ಉರಿಯುತ್ತದೆ. ಯಾರ ಮೇಲೆ ಹರಿಹಾಯೋಣ ಎಂದು ನೋಡಿದರೆ ಎದುರಿಗಿರುವವರೆಲ್ಲ ಒಳ್ಳೆಯವರೇ, ಎಲ್ಲರ ಕೈಯೂ ಕಟ್ಟಿಹೋಗಿದೆ.

"ಸುತ್ತಿ ಮನೆಗೆ ಒಯ್ದುಬಿಡಬಹುದಿತ್ತಲ್ಲ?" ಎಂದು ಪಿಸುಗುಟ್ಟುತ್ತೇನೆ.

"ಒಯ್ಯಬಹುದಿತ್ತು. ಆಮೇಲೆ ಇಲ್ಲಿನ ಸರ್ ಅವರ ಕೆಲಸ ಹೋಗುತ್ತೆ. ಅವರಿಗೂ ಮಗಳಿದ್ದಾಳೆ."

ಅಷ್ಟರಲ್ಲಿ ಆ ಅಧಿಕಾರಿಯೇ ಮೆಟ್ಟಿಲಿಳಿದು ಬರುತ್ತಾರೆ. ರಾತ್ರಿ ಅವರೂ ಮಲಗಿದ ಹಾಗೆ ಕಾಣುವುದಿಲ್ಲ.

"ಅಕ್ಕ, ನೀವು ಮನೆಗೆ ಹೋಗಿ. ಇದೊಂದನ್ನ ಬೇರೆ ಯಾರ ಕೈಲಾದ್ರೂ ಮಾಡಿಸ್ತೀನಿ."

"ಬೇಡ ಸರ್. ಬೇರೆಯವರು ಎಳೆದಾಡ್ತಾರೆ. ಅವಳಿಗೆ ನಾನೇ ಆಗಲಿ."

ಬೇರೆ ಸೀಟುಗಳಿಂದ ಶುರುಮಾಡುತ್ತಾರೆ. ಒಬ್ಬೊಬ್ಬ ಹೆಣ್ಣುಮಗಳ ಹತ್ತಿರವೂ ಒಂದು ಕ್ಷಣ ನಿಂತು, "ತಪ್ಪು ತಿಳೀಬೇಡಮ್ಮ" ಎಂದು ಗೊಣಗಿ ಚಾಕು ಎಳೆಯುತ್ತಾರೆ. ಕೊನೆಗೆ ಕಿಟಕಿಯ ಸೀಟೊಂದೇ ಉಳಿಯುತ್ತದೆ. ಉಕ್ಕಿನ ಪಟ್ಟಿಯನ್ನು ಹಣೆಯಿಂದ ಗಲ್ಲದವರೆಗೆ ಇಡುತ್ತಾರೆ, ತೆಗೆಯುತ್ತಾರೆ, ಮತ್ತೆ ಇಡುತ್ತಾರೆ. ನಡುವೆ ನಿಲ್ಲಿಸಿದರೆ ಕಾಗದ ಹರಿಯುತ್ತದೆ, ಒಂದೇ ಎಳೆತಕ್ಕೆ ಮುಗಿಯಬೇಕು. ಮುಗಿಸುತ್ತಾರೆ. ಆಮೇಲೆ ಅಡ್ಡಕ್ಕೆ ಇನ್ನೊಂದು. ನಾನು ಗೋಡೆಯ ಕಡೆ ತಿರುಗಿಬಿಡುತ್ತೇನೆ.

ಕತ್ತರಿಸಿದ್ದಕ್ಕೆ ಹಕ್ಕುದಾರರಿಗೆ ಸಾಕ್ಷಿ ಬೇಕು. ತುಂಡುಗಳನ್ನು ಮೇಜಿನ ಮೇಲೆ ಹರಡಿ ಫೋಟೋ ತೆಗೆದು ಕಳಿಸಬೇಕು. ಅಧಿಕಾರಿ ಮೊಬೈಲು ಎತ್ತುತ್ತಾರೆ. ಅಕ್ಕ ಮೇಜು ಬಿಟ್ಟು ಸರಿಯುವುದಿಲ್ಲ. ಮಗಳ ಮುಖದ ನಾಲ್ಕು ತುಂಡುಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟು, ಕೆನ್ನೆಯ ಪಕ್ಕದಲ್ಲಿ ಅಂಗೈ ಊರಿ ನಿಲ್ಲುತ್ತಾರೆ.

"ಅಕ್ಕ, ಕೈ ಬರುತ್ತೆ. ಚೂರು ತೆಗೀರಿ," ಎನ್ನುತ್ತಾರೆ ಅಧಿಕಾರಿ.

"ಬರ್ಲಿ ಸರ್," ಎನ್ನುತ್ತಾರೆ ಅಕ್ಕ. "ನಾವಿಬ್ರೂ ಒಟ್ಟಿಗಿರೋ ಫೋಟೋ ಒಂದೂ ಇಲ್ಲ."