ಚಾರೋಳಿಯ ಕಡೀ ಫೋಟೊ

ಬೀದರದ ಕಾಲೇಜಿನಾಗ ಗಿಡಮರದ ಪಾಠ ಹೇಳಾವ ನಾನು. ಔರಾದ ಕಡಿ ಕುರುಚಲು ಕಾಡಿನಾಗಿನ ಒಂದು ಚಾರೋಳಿ ಗಿಡದ್ದು ಎಲ್ಲಾ ಕಾಲದ ಫೋಟೊ ತೆಗೀಬೇಕಿತ್ತು. ಮಳಿಗಾಲದಾಗ ದಪ್ಪ ಎಲಿ ಸಿಕ್ತು, ಚಳಿ ಮುಗಿಯೂಮುಂದ ಸಣ್ಣ ಬಿಳಿ ಹೂವು. ಕಡೀಕ ಹಣ್ಣಿನ ಫೋಟೊ ಒಂದೇ ಉಳದಿತ್ತು. ಹೋದಾಗೊಮ್ಮೆ ಬಾಜೂ ಹೊಲದ ಶಾಂತವ್ವಗ, "ಈ ಗಿಡ ಯಾರಿಗೂ ಮುಟ್ಟಗೊಡಬ್ಯಾಡ್ರಿ ಅವ್ವಾ" ಅಂತ ಹೇಳಿ, ಆಕಿ ಕೊಟ್ಟ ಚಾ ಕುಡದು ಬರ್ತಿದ್ದೆ.

ಬ್ಯಾಸಗ್ಯಾಗ ಹೋದರ ಗಿಡದಾಗ ಹಣ್ಣು ಒಂದೂ ಇಲ್ಲ! ಒದರ್ಯಾಡಿದೆ.

"ಯಾರಿಗೂ ಮುಟ್ಟಗೊಟ್ಟಿಲ್ಲರಿ ಸರ್. ಬಂದಾಗೊಮ್ಮೆ ಬರೇ ಚಾ ಕುಡದು ಹೋಗ್ತೀರಿ ಅಂತ ನಾನೇ ಹರದು, ಒಡದು, ಬೀಜ ತಗದೀನಿ," ಅಂತ ಹೇಳಿ ಶಾಂತವ್ವ ಬಿಸಿ ಶಿರಾದ ತಾಟು ಮುಂದಿಟ್ಟಳು. ಮ್ಯಾಲ ತುಂಬಾ ಚಾರೋಳಿ.

ಈಗ ಕ್ಲಾಸಿನ ಗ್ವಾಡಿ ಮ್ಯಾಲಿನ ಪಟದಾಗ ಎಲಿ ಅದ, ಹೂವು ಅದ, ಹಣ್ಣಿನ ಜಾಗದಾಗ ಶಿರಾ ಅದ. ಅದೂ ಅರ್ಧಾ ತಿಂದದ್ದು.