ಪಂಚಾಕ್ಷರಿಯವರ ಮುನ್ನೆಚ್ಚರಿಕೆ, ಸುಹಾಸಿನಿಯವರ ಕರಿಬೇವು

ಡೆಟ್ರಾಯಿಟ್ ಸುತ್ತಮುತ್ತಲ ಕನ್ನಡಿಗರಿಗೆ ಚಳಿಗಾಲ ವರ್ಷಕ್ಕೆ ಎರಡು ಸಲ ಶುರುವಾಗುತ್ತಿತ್ತು. ಒಂದು ಆಕಾಶದಿಂದ ಇಳಿಯುವುದು. ಅದು ತನಗೆ ಮನಸ್ಸು ಬಂದಾಗ ಬರುತ್ತದೆ. ಇನ್ನೊಂದು ರಾಚೆಸ್ಟರ್ ಹಿಲ್ಸ್‌ನ ಪಂಚಾಕ್ಷರಿಯವರ ಫೋನಿನಿಂದ ಹೊರಡುವುದು. ಅದು ತಡವಾದದ್ದೇ ಇಲ್ಲ. ದೀಪಾವಳಿಯ ಪಟಾಕಿ ಹೊಗೆ ಆರುವುದರೊಳಗೆ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ 'ಮುನ್ನೆಚ್ಚರಿಕೆ' ಎಂಬ ತಲೆಬರಹ ಹೊತ್ತು ಬಂದಿಳಿಯುತ್ತಿತ್ತು. ಡ್ರೈವ್‌ವೇಗೆ ಹಿಮ ಕರಗಿಸುವ ಉಪ್ಪು ಈಗಲೇ ತಂದಿಡಿ. ಹಿಮ ಬೀಳುವ ಮುನ್ನ ಕಾರಿನ ವೈಪರ್ ಎತ್ತಿ ನಿಲ್ಲಿಸಿ. ಕೊಳವೆಯಲ್ಲಿ ನೀರು ಹೆಪ್ಪುಗಟ್ಟದಂತೆ ಅಡುಗೆಮನೆಯ ನಲ್ಲಿ ಸಣ್ಣಗೆ ತೊಟ್ಟಿಕ್ಕುತ್ತಿರಲಿ. ಸಲಿಕೆ, ಮರಳು, ಮೇಣದಬತ್ತಿ, ಹೊದಿಕೆಯ ಕಿಟ್ ಇಲ್ಲದೆ ಕಾರು ಹೊರಗೆ ತೆಗೆಯಬೇಡಿ. ಒಂದೂ ತಪ್ಪು ಮಾತಲ್ಲ. ಆದರೆ ಓದಿ ಮುಗಿಸುವಷ್ಟರಲ್ಲಿ ಕೈಯಲ್ಲಿದ್ದ ಕಾಫಿ ಆರಿ, ಚಳಿಗಿಂತ ಮುನ್ನೆಚ್ಚರಿಕೆಯೇ ಹೆಚ್ಚು ಕೊರೆಯಿತೆಂದು ಜನ ಗೊಣಗುತ್ತಿದ್ದರು.

ಈ ಅಧಿಕಾರ ಅವರಿಗೆ ಸುಮ್ಮನೆ ಬಂದದ್ದಲ್ಲ. ಗದಗಿನಲ್ಲಿ ಹುಟ್ಟಿ, ಬೆವರಿನಲ್ಲೇ ಎಂಜಿನಿಯರಿಂಗ್ ಮುಗಿಸಿದ ಪಂಚಾಕ್ಷರಿಯವರಿಗೆ ಇಲ್ಲಿ ಸಿಕ್ಕ ಕೆಲಸ ಚಳಿಯದು. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಶೀತಲ ಕೋಣೆಯೊಳಗೆ ಬಾಗಿಲಿನ ರಬ್ಬರು ಬಿರಿಯುತ್ತದೋ ಇಲ್ಲವೋ ಎಂದು ನೋಡುವುದು. "ಮೈನಸ್ ನಲವತ್ತರೊಳಗ ಫ್ಯಾರನ್‌ಹೀಟೂ ಸೆಲ್ಸಿಯಸ್ಸೂ ಒಂದ ಆಗ್ತಾವ ನೋಡ್ರಿ," ಎಂದು ಅವರು ನಾಮಕರಣಗಳಲ್ಲಿ, ಗೃಹಪ್ರವೇಶಗಳಲ್ಲಿ ಹೇಳುತ್ತಿದ್ದರು. ಎರಡರ ನಡುವೆ ರಾಜಿ ಮಾಡಿಸಿದವರು ತಾವೇ ಎಂಬಂತಿರುತ್ತಿತ್ತು ಮುಖಭಾವ. ಮಗಳು ವರ್ಷಾ ಚಿಕಾಗೋಗೆ ಹೋದಾಗ, ಹಿಮ ಸರಿಸಿದ ಪಾರ್ಕಿಂಗ್ ಜಾಗಕ್ಕೆ ಅಲ್ಲಿಯವರು ಕುರ್ಚಿ ಇಟ್ಟು ಹಕ್ಕು ಕಾಯ್ದುಕೊಳ್ಳುತ್ತಾರೆಂದು ಕೇಳಿ, ಗಾಳಿಗೆ ಹಾರದಂಥ ಕಬ್ಬಿಣದ ಕುರ್ಚಿಯನ್ನೇ ಹೊರಿಸಿ ಕಳಿಸಿದ್ದರು. "ಡ್ಯಾಡ್, ಐ ಡೋಂಟ್ ಈವನ್ ಹ್ಯಾವ್ ಅ ಕಾರ್," ಎಂದಿದ್ದಳು ಅವಳು.

ಇಂಥ ಪಂಚಾಕ್ಷರಿಯವರ ಕೈಗೆ ವೆಸ್ಟ್ ಬ್ಲೂಮ್‌ಫೀಲ್ಡಿನ ಡಾಕ್ಟರ್ ಸತ್ಯನಾರಾಯಣ ತಮ್ಮ ಮನೆಯ ಬೀಗದ ಕೈ ಕೊಟ್ಟರು.

ಡಾಕ್ಟರು ಮೈಸೂರಿನ ಕಡೆಯವರು, ನಿವೃತ್ತರು. ಹೆಂಡತಿ ಸುಹಾಸಿನಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವರ ಮನೆಯ ದಕ್ಷಿಣದ ಕಿಟಕಿಯ ಬಳಿ, ಮಗು ಕೂರುವಷ್ಟು ಅಗಲದ ಕುಂಡದಲ್ಲಿ, ಆಳೆತ್ತರದ ಕರಿಬೇವಿನ ಗಿಡವಿತ್ತು. ಸುಹಾಸಿನಿ ಬೆಳೆಸಿದ್ದು. ಬೇಸಿಗೆಯಲ್ಲಿ ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ, ಮೊದಲ ಮಂಜಿಗೆ ಮುಂಚೆ ಮನೆಯೊಳಗೆ; ಸೊಸೆಗೆ ಬಾಣಂತನ ಮಾಡುವಷ್ಟು ಅಕ್ಕರೆಯಿಂದ. ಶನಿವಾರ ಮಧ್ಯಾಹ್ನವಾದರೆ ಯಾರಾದರೊಬ್ಬರು ಎಲೆಗೆಂದು ಬರುವರು. ಬಂದವರಿಗೆ ಕಾಫಿಯಾಗುವುದು, ಕೋಡುಬಳೆಯಾಗುವುದು, ಎಲೆಯ ಪೊಟ್ಟಣ ಕೈಗೆ ಬರುವ ಹೊತ್ತಿಗೆ ಸಂಜೆಯಾಗಿರುವುದು. ಎಲೆಗೆ ಬರವಿರಲಿಲ್ಲ. ಆದರೆ ಬೇರಿನಿಂದ ಎದ್ದ ಸಸಿ ಕೇಳಿದರೆ ಮಾತ್ರ ಸುಹಾಸಿನಿ ನಕ್ಕು, "ಎಲೆ ಎಷ್ಟು ಬೇಕಾದ್ರೂ ತಗೊಂಡು ಹೋಗಿ. ಸಸಿ ಕೇಳಬೇಡಿ," ಎನ್ನುತ್ತಿದ್ದರು. ಒಮ್ಮೆ ಹೀಗೆ ಬರಿಗೈಯಲ್ಲಿ ಬಂದ ಪಂಚಾಕ್ಷರಿ, ಕಾರಿನಲ್ಲಿ ಹೆಂಡತಿ ಗುರುದೇವಿಗೆ, "ಅಷ್ಟು ದೊಡ್ಡ ಮನಿ, ಇಷ್ಟ ಸಣ್ಣ ಮನಸು," ಎಂದಿದ್ದರು. ಸುಹಾಸಿನಿ ಹೋದ ಮೇಲೂ ಡಾಕ್ಟರು ಆ ನೇಮ ಮುರಿಯಲಿಲ್ಲ. ಕಾಫಿ ಸ್ವಲ್ಪ ನೀರಾಯಿತು, ಕೋಡುಬಳೆ ಅಂಗಡಿಯದಾಯಿತು, ಶನಿವಾರ ಮಾತ್ರ ಉಳಿಯಿತು.

ಹೆಂಡತಿಯ ವರ್ಷದ ತಿಥಿಗೆಂದು ಡಾಕ್ಟರು ಜನವರಿಯಲ್ಲಿ ಮೈಸೂರಿಗೆ ಹೊರಟರು. ಕೀ ಕೊಡುವಾಗ ಹೇಳಿದ್ದು ಇಷ್ಟೇ: "ಹೀಟ್ ಆನ್ ಇದೆ. ವಾರಕ್ಕೊಂದ್ಸಲ ಗಿಡಕ್ಕೆ ಒಂದ್ ಲೋಟ ನೀರು ಹಾಕಿ ಸಾಕು, ಪಂಚಾಕ್ಷರಿಯವರೇ. ಜಾಸ್ತಿ ಏನೂ ಮಾಡಬೇಡಿ."

ಬೇರೆ ಯಾವ ಕೆಲಸ ಹೇಳಿದ್ದರೂ ಪಂಚಾಕ್ಷರಿ ಅಚ್ಚುಕಟ್ಟಾಗಿ ಮಾಡಿ ಮುಗಿಸುತ್ತಿದ್ದರು. ಜಾಸ್ತಿ ಏನೂ ಮಾಡದಿರುವುದು ಅವರಿಂದ ಆಗುವ ಕೆಲಸವಾಗಿರಲಿಲ್ಲ.

ಡಾಕ್ಟರು ವಿಮಾನ ಹತ್ತಿದ ಮರುವಾರವೇ ಟಿ.ವಿ.ಯವರು ಭೂಪಟದ ತುಂಬ ನೇರಳೆ ಬಣ್ಣ ಬಳಿದು ನಿಂತರು. ಉತ್ತರ ಧ್ರುವದ ಚಳಿ ನೇರ ಮಿಷಿಗನ್ ಮೇಲೆ ಇಳಿಯಲಿದೆ, ಫ್ಯಾರನ್‌ಹೀಟಿನಲ್ಲೂ ಸೊನ್ನೆಯ ಕೆಳಗೆ, ಗಾಳಿ ಬೇರೆ. ಊರಿನವರೆಲ್ಲ ಹಾಲು ಬ್ರೆಡ್ಡಿಗೆ ಓಡಿದರು. ಪಂಚಾಕ್ಷರಿಯವರ ಮುಖದಲ್ಲಿ ಮದುವೆ ಮನೆಯ ಯಜಮಾನನ ಕಳೆ ಬಂತು. ಗುಂಪಿಗೆ ಒಂದರ ಹಿಂದೊಂದು ಸಂದೇಶ ಹಾಕಿ, ಗ್ಯಾರೇಜಿನಲ್ಲಿದ್ದ ಜನರೇಟರನ್ನು ಒಮ್ಮೆ ಗುಡುಗಿಸಿ ನೋಡಿ, ಒಳಗೆ ಬಂದು ಘೋಷಿಸಿದರು: "ಡಾಕ್ಟ್ರ ಗಿಡ ಇಲ್ಲಿಗೆ ತರ್ತೀನಿ."

ಗುರುದೇವಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಅದು ತನ್ನ ಪಾಡಿಗೆ ತಾ ಬೆಚ್ಚಗ ಕುಂತೈತ್ರೀ. ಯಾಕ ಎಬ್ಬಸ್ತೀರಿ?"

"ನಿನಗ ತಿಳಿಯಂಗಿಲ್ಲ. ಅವ್ರ ಬಡಾವಣಿ ತುಂಬ ದೊಡ್ಡ ದೊಡ್ಡ ಮರ. ಒಂದು ಟೊಂಗಿ ವೈರಿನ ಮ್ಯಾಲ ಬಿತ್ತಂದ್ರ ಕರೆಂಟ್ ಹೋತು. ಕರೆಂಟ್ ಹೋದ್ರ ಮನಿ ಕಾಯಿಸೋ ಫರ್ನೇಸ್ ಬಂದ್. ಆಮ್ಯಾಲ?"

"ಆಮ್ಯಾಲ ಹೋಗಿ ತರ್ರಿ."

"ಆಮ್ಯಾಲ ಮಾಡೋದಕ್ಕ ಮುನ್ನೆಚ್ಚರಿಕೆ ಅಂತಾರೇನ?"

ಗುರುದೇವಿ ರೊಟ್ಟಿ ತಿರುವಿ ಹಾಕಿದಳು.

ಏನೇ ಅನ್ನಿ, ಅವರು ಗಿಡವನ್ನು ಸಾಗಿಸಿದ ರೀತಿಯಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಕಾರನ್ನು ಮೊದಲೇ ಕಾಯಿಸಿದರು. ಸೀಟು ಮಡಚಿದರು. ಗುರುದೇವಿಯ ತವರಿನಿಂದ ಬಂದಿದ್ದ ನವಲಗುಂದದ ಜಮಖಾನೆಯನ್ನು ಗಿಡದ ಸುತ್ತ ಎರಡು ಸುತ್ತು ಸುತ್ತಿ, ಹಗ್ಗ ಬಿಗಿದು, ಮೆಲ್ಲಗೆ ಮಲಗಿಸಿದರು. ಅಲ್ಲಿಂದ ನೇರ ಮನೆಗೆ ಬಂದಿದ್ದರೆ ಈ ಕಥೆಗೆ ಕೆಲಸವೇ ಇರುತ್ತಿರಲಿಲ್ಲ.

ದಾರಿಯಲ್ಲಿ ಸುಶ್ರುತನ ಫೋನು ಬಂತು. ಬೆಂಗಳೂರಿನ ಹುಡುಗ, ವಾರೆನ್‌ನಲ್ಲಿ ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿದ್ದವು, ಮೊದಲ ಚಳಿಗಾಲ. "ಅಂಕಲ್, ಹಾರ್ಡ್‌ವೇರ್ ಸ್ಟೋರ್‌ನಲ್ಲಿದೀನಿ. ಉಪ್ಪೆಲ್ಲ ಖಾಲಿ. ನಿಮ್ಮ ಮೆಸೇಜ್‌ನಲ್ಲಿರೋ ಕಿಟ್ ಅಂದ್ರೆ ಏನು, ಹೇಗ್ ಪ್ಯಾಕ್ ಮಾಡೋದು ಅಂತಾನೇ ಗೊತ್ತಾಗ್ತಿಲ್ಲ."

ಅವರ ಸಂದೇಶವನ್ನು ಪೂರ್ತಿ ಓದಿದ ಮನುಷ್ಯನೊಬ್ಬ ಸಿಕ್ಕಿದ್ದ! ಪಂಚಾಕ್ಷರಿ ಮುಂದಿನ ಎಕ್ಸಿಟ್‌ನಲ್ಲೇ ಹೆದ್ದಾರಿ ಇಳಿದು ಅಂಗಡಿಯತ್ತ ತಿರುಗಿದರು.

ಅಂಗಡಿಯ ಪಾರ್ಕಿಂಗ್ ಲಾಟ್‌ನಲ್ಲಿ ಗಾಳಿ ಕಿವಿ ಕೀಳುವಂತಿತ್ತು. ಪಂಚಾಕ್ಷರಿ ಕಾರಿನ ಹಿಂಬಾಗಿಲನ್ನು ಮೇಲಕ್ಕೆತ್ತಿ, ತಮ್ಮ ಕಿಟ್ ತೆರೆದು, ಒಂದೊಂದೇ ವಸ್ತುವನ್ನು ಎತ್ತಿ ತೋರಿಸಿದರು. ಮರಳು ಯಾಕೆ, ಮೇಣದಬತ್ತಿಗೆ ತಗಡಿನ ಡಬ್ಬಿ ಯಾಕೆ. ಸುಶ್ರುತ ಹೂಂಗುಟ್ಟಿದ. ಉಪ್ಪು ಸಿಗದೆ ಹೊರಬಂದ ನಾಲ್ಕು ಜನ ಅಮೆರಿಕನ್ನರೂ ನಿಂತು ಕೇಳಿದರು; ಪಾಠ ಇಂಗ್ಲಿಷಿಗೆ ಹೊರಳಿತು. ಒಬ್ಬ ಮುದುಕಿ ಎಷ್ಟು ಚೆನ್ನಾಗಿ ತಯಾರಾಗಿದ್ದೀಯಪ್ಪಾ ಎಂದು ಬಾಯಿ ತುಂಬ ಹೊಗಳಿದಳು. ಆ ಹೊಗಳಿಕೆ ತಲೆಗೇರಿತೋ ಏನೋ, ಕಾರು ಹಿಮದಲ್ಲಿ ಸಿಕ್ಕಿಕೊಂಡಾಗ ಹೊದಿಕೆಯನ್ನು ತಲೆಯಿಂದ ಹೇಗೆ ಹೊದೆಯಬೇಕೆಂದು ತೋರಿಸಲು ಅವರಿಗೆ ಹೊದಿಕೆ ಬೇಕಾಯಿತು. ಕಿಟ್ಟಿನ ಹೊದಿಕೆ ಮನೆಯಲ್ಲಿ ಒಗೆಯಲು ಬಿದ್ದಿತ್ತು. ಕೈಗೆ ಸಿಕ್ಕಿದ್ದು ಜಮಖಾನೆ. ಹಗ್ಗ ಬಿಚ್ಚಿ, ಜಮಖಾನೆ ಎಳೆದು, ಮೈತುಂಬ ಸುತ್ತಿಕೊಂಡು, ಉತ್ತರ ಧ್ರುವದ ಗಾಳಿಗೆ ಎದೆಯೊಡ್ಡಿ ಅವರು ಪಾಠ ಮುಂದುವರಿಸಿದರು. ಜನ ಚಪ್ಪಾಳೆ ತಟ್ಟಿದರು. ಹಿಂಬಾಗಿಲು ತೆರೆದೇ ಇತ್ತು.

ಮನೆ ಮುಟ್ಟಿದಾಗ ಗಿಡ ಹಸಿರಾಗೇ ಕಂಡಿತು. ಹಸಿರು ಮಾತ್ರ ಸ್ವಲ್ಪ ಗಾಜಿನಂತೆ ಹೊಳೆಯುತ್ತಿತ್ತು. ಬೆಳಗಾಗುವಷ್ಟರಲ್ಲಿ ಎಲೆಗಳೆಲ್ಲ ಕಪ್ಪಾಗಿ, ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದವು. ಪಂಚಾಕ್ಷರಿ ಹೀಟರ್ ತಂದಿಟ್ಟರು, ಹೊಸ ದೀಪ ತಂದಿಟ್ಟರು, ಬುಡಕ್ಕೆ ಉಗುರು ಬೆಚ್ಚಗಿನ ನೀರು ಹೊಯ್ದರು.

"ಈಗರ ಸುಮ್ನಿರ್ರೀ," ಎಂದಳು ಗುರುದೇವಿ. ಉದುರಿದ ಎಲೆಗಳನ್ನು ಗುಡಿಸಿ, ಕಸದ ಬುಟ್ಟಿಗೆ ಹಾಕಲು ಮನಸ್ಸಾಗದೆ ಮೊರದಲ್ಲೇ ಇಟ್ಟಳು.

ಚಳಿ ಬಂತು, ಹೋಯಿತು. ಪಂಚಾಕ್ಷರಿ ವೆಸ್ಟ್ ಬ್ಲೂಮ್‌ಫೀಲ್ಡಿಗೆ ಹೋಗಿ ಬಾಗಿಲು ತೆರೆದರೆ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಒಂದು ಟೊಂಗೆಯೂ ಬಿದ್ದಿರಲಿಲ್ಲ. ಕರೆಂಟ್ ಹೋಗಿ ಒಂದು ಗಡಿಯಾರವೂ ನಿಂತಿರಲಿಲ್ಲ. ದಕ್ಷಿಣದ ಕಿಟಕಿಯ ಬಿಸಿಲು ಬಂದು, ಕಾರ್ಪೆಟ್ಟಿನ ಮೇಲೆ ಕುಂಡ ಒತ್ತಿದ್ದ ಗುಂಡನೆಯ ಗುರುತಿನ ಮೇಲೆ ಕೂತಿತ್ತು. ಪಂಚಾಕ್ಷರಿ ಬಗ್ಗಿ ಆ ಗುರುತನ್ನು ಅಂಗೈಯಿಂದ ಸವರಿದರು. ಜೀವಮಾನವೆಲ್ಲ ರಬ್ಬರಿನ ಜೊತೆ ಕಳೆದಿದ್ದರು. ರಬ್ಬರು ಬಿರಿದರೆ ಇನ್ನೊಂದು ತುಂಡು ತಂದು ಜೋಡಿಸುವರು. ಈ ಗಿಡದ ಇನ್ನೊಂದು ತುಂಡು ಯಾರ ಮನೆಯಲ್ಲೂ ಇರಲಿಲ್ಲ. ಸುಹಾಸಿನಿ ಕೊಟ್ಟಿದ್ದರಲ್ಲವೇ ಇರುವುದು?

ಡಾಕ್ಟರು ಬರುವ ಮುಂಚೆ ಅವರು ಕುಂಡವನ್ನು ಅದರ ಗುರುತಿನ ಮೇಲೇ ತಂದಿಟ್ಟರು. ಬರಿಯ ಕಡ್ಡಿಗಳಿದ್ದ ಕುಂಡ. ವಿಮಾನ ನಿಲ್ದಾಣದಿಂದ ಕರೆತರುವಾಗ ದಾರಿಯುದ್ದಕ್ಕೂ ಹವಾಮಾನ ಬಿಟ್ಟು ಬೇರೆಲ್ಲ ಮಾತಾಡಿದರು. ಅವರ ಬಾಯಲ್ಲಿ ಹವಾಮಾನವಿಲ್ಲದ್ದು ಕಂಡಾಗಲೇ ಡಾಕ್ಟರಿಗೆ ಅರ್ಧ ತಿಳಿದಿರಬೇಕು.

ಡಾಕ್ಟರು ಕೋಟು ಬಿಚ್ಚದೆ ಕಿಟಕಿಯ ಬಳಿ ಹೋದರು. ಉಗುರಿನಿಂದ ಕಾಂಡದ ಸಿಪ್ಪೆ ಗೀರಿದರು. ಒಳಗೆ ಕಂದು. ಇನ್ನೂ ಕೆಳಗೆ ಗೀರಿದರು. ಅಲ್ಲೂ ಕಂದು.

"ಕರೆಂಟ್ ಹೋಗಿತ್ತಾ?" ಎಂದು ಕೇಳಿದರು.

ಹೂಂ ಎಂದರೆ ಮುಗಿಯಿತು. ಆ ವಾರದ ಚಳಿಯನ್ನು ಮೈಸೂರಿನ ಟಿ.ವಿ.ಯೂ ತೋರಿಸಿತ್ತು, ಅದರ ತಲೆಗೆ ಏನು ಕಟ್ಟಿದರೂ ನಿಲ್ಲುತ್ತಿತ್ತು.

"ಇಲ್ರೀ ಡಾಕ್ಟ್ರೇ. ಕರೆಂಟ್ ಎಲ್ಲೂ ಹೋಗಿರಲಿಲ್ಲ. ನಾನ ಬಂದಿದ್ದೆ."

ಎಲ್ಲವನ್ನೂ ಹೇಳಿದರು. ಎಕ್ಸಿಟ್, ಸುಶ್ರುತ, ಮುದುಕಿ, ಜಮಖಾನೆ. ಡಾಕ್ಟರು ಕೇಳುತ್ತ ಕುಂಡದ ಅಂಚಿನ ಮಣ್ಣನ್ನು ಬೆರಳಿನಿಂದ ಸಮ ಮಾಡುತ್ತಿದ್ದರು.

"ಎಷ್ಟು ಜನ ಇದ್ರು, ಕೇಳೋಕೆ?"

"ಐದಾರ ಮಂದಿ."

"ಪರವಾಗಿಲ್ಲ. ಒಳ್ಳೇ ಸಭೆನೇ." ನಗಲು ನೋಡಿದರು, ಆಗಲಿಲ್ಲ. "ಅವಳು ಸಸಿ ಯಾಕೆ ಕೊಡ್ತಿರಲಿಲ್ಲ ಗೊತ್ತಾ, ಪಂಚಾಕ್ಷರಿಯವರೇ? ನಾನೂ ಬೈದಿದೀನಿ, ಏನು ಜಿಪುಣತನ ಅಂತ. 'ಕೊಟ್ರೆ ಎಲ್ರ ಮನೇಲೂ ಬೆಳೆಯತ್ತೆ ಕಣ್ರೀ, ಆಮೇಲೆ ಈ ಮನೆಗೆ ಯಾರು ಬರ್ತಾರೆ?' ಅನ್ನೋಳು. ಕಾಯಿಲೆ ಜೋರಾದ ಮೇಲೂ ಅದನ್ನೇ ಹೇಳಿದ್ಲು. ಸಸಿ ಕೊಡಬೇಡಿ ಅಂತ."

ಪಂಚಾಕ್ಷರಿಗೆ ಆ ದಿನ ಕಾರಿನಲ್ಲಿ ತಾವಾಡಿದ ಸಣ್ಣ ಮನಸ್ಸಿನ ಮಾತು ನೆನಪಾಗಿ, ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಸುದ್ದಿ ಹರಡಿದ ಮೇಲೆ ಕೆಲವು ಶನಿವಾರ ಜನ ಬಂದರು. ಸಾವಿನ ಮನೆಗೆ ಬಂದವರಂತೆ ಕುಂಡ ನೋಡಿ, ಲೊಚಗುಟ್ಟಿ ಹೋದರು. ಆಮೇಲೆ ಬರಲಿಲ್ಲ. ಯಾರೂ ಕೆಟ್ಟವರಲ್ಲ; ಇಂಡಿಯನ್ ಸ್ಟೋರಿನಲ್ಲಿ ಪೊಟ್ಟಣ ಸಿಗುತ್ತಿತ್ತು, ಅಷ್ಟೇ.

ಅದೇ ವರ್ಷದ ನವೆಂಬರಿನಲ್ಲಿ ಬಳಗದ ಗುಂಪು ಅಭ್ಯಾಸಬಲದಿಂದ ಕಾಯಿತು. ಮುನ್ನೆಚ್ಚರಿಕೆ ಬಂತು, ಒಂದೇ ಸಾಲು: 'ಚಳಿ ಬರಾಕತ್ತೈತಿ. ಶನಿವಾರ ಯಾರರ ಡಾಕ್ಟ್ರ ಮನಿಗೆ ಹೋಗಿ ಬರ್ರಿ.' ಪಂಚಾಕ್ಷರಿಯವರ ಆರೋಗ್ಯ ಸರಿಯಿಲ್ಲವೇನೋ ಎಂದು ಇಬ್ಬರು ಗುರುದೇವಿಗೆ ಫೋನ್ ಮಾಡಿ ವಿಚಾರಿಸಿದರು. ಉಳಿದವರು ಹೆಬ್ಬೆರಳು ಎತ್ತಿದರು. ಶನಿವಾರ ಹೋದವರು ಪಂಚಾಕ್ಷರಿ ಒಬ್ಬರೇ.

ಡಾಕ್ಟರು ನೀರು ಕಾಫಿ ತಂದಿಟ್ಟರು. ಕಿಟಕಿಯ ಬಳಿ ಕಡ್ಡಿಗಳ ಕುಂಡ ಇನ್ನೂ ಇತ್ತು, ಮಣ್ಣು ಒದ್ದೆಯಾಗಿತ್ತು. ಹೊರಗೆ ಹಿಮ ಶುರುವಾಗಿತ್ತು. ಎಷ್ಟು ಇಂಚು ಬೀಳುತ್ತದೆ, ಯಾವಾಗ ನಿಲ್ಲುತ್ತದೆ, ಎಲ್ಲ ಪಂಚಾಕ್ಷರಿಗೆ ಗೊತ್ತಿತ್ತು. ಅವರು ಹೇಳಲಿಲ್ಲ. ಹೇಳಲು ಬೇರೇನಿದೆಯೆಂದು ಹುಡುಕುತ್ತ, ಲೋಟ ಹಿಡಿದು ಕೂತರು.